ಬಿಯರ್‌ಗೆ ಸ್ಟಾರ್ ಕೊಡೋ ಹುಚ್ಚು

ಕುಡಿದ ಬಿಯರ್‌ಗೆ ಸ್ಟಾರ್ ಕೊಡೋ ಅನ್‌ಟ್ಯಾಪ್ಡ್ ಆ್ಯಪ್‌ನಲ್ಲಿ ಜರ್ಮನಿಯ ಬ್ಯಾಂಬರ್ಗ್ ಸುತ್ತಮುತ್ತಲ ಹಳ್ಳಿ ಬಿಯರ್‌ಗಳಿಗೆ ಜನ ಕೊಟ್ಟಿರೋ ರೇಟಿಂಗ್ ನೋಡಿದಾಗೆಲ್ಲ ನಂಗೆ ಮೈ ಉರಿಯತ್ತೆ. ಐದಕ್ಕೆ ಮೂರೂವರೆ ಸ್ಟಾರ್, ಕೆಳಗೆ ಒಂದ್ ಲೈನು, "ಪರವಾಗಿಲ್ಲ, ವಿಶೇಷ ಏನಿಲ್ಲ". ಅದೇ ಚಾಕ್ಲೇಟು, ವೆನಿಲಾ, ವಿಸ್ಕಿ ಪೀಪಾಯಿ ಅಂತೆಲ್ಲ ಹೆಸರಿರೋ ಹನ್ನೆರಡು ಪರ್ಸೆಂಟ್ ಆಲ್ಕೋಹಾಲ್‌ನ ಸ್ಟೌಟ್ ಅನ್ನೋ ಕಪ್ಪು ಬಿಯರ್‌ಗೆ ನಾಲ್ಕೂವರೆ. ಅದನ್ನ ಒಂದ್ ಲೋಟ ಮುಗಿಸೋದ್ರಲ್ಲೇ ನಾಲಿಗೆ ಮರಗಟ್ಟಿ ಹೋಗಿರತ್ತೆ ಮಾರಾಯ್ರೆ, ಎರಡನೇದು ಕೊಟ್ರೆ ಬೇಡ ಅಂತೀವಿ!

ನಾನಿರೋದು ನ್ಯೂರೆಂಬರ್ಗ್ ಕಡೆ, ಫ್ರಾಂಕೋನಿಯಾ ಅಂತಾರೆ, ಬವೇರಿಯಾ ರಾಜ್ಯದ ಉತ್ತರ ಭಾಗ. ಮ್ಯೂನಿಕ್ ಅಕ್ಟೋಬರ್‌ಫೆಸ್ಟ್ ಎಲ್ರಿಗೂ ಗೊತ್ತು ಆದ್ರೆ ಸಣ್ಣ ಸಣ್ಣ ಬ್ರೂವರಿ ಗಿಜಿಗುಡ್ತಾ ಇರೋದು ಈ ಕಡೆ. ಔಫ್ಸೆಸ್ ಅಂತ ಒಂದು ಊರಿದೆ, ಒಂದೂವರೆ ಸಾವಿರಕ್ಕಿಂತ ಕಮ್ಮಿ ಜನ, ಅಷ್ಟು ಜನಕ್ಕೆ ನಾಲ್ಕು ಬ್ರೂವರಿ ಅಂತ ಗಿನ್ನೆಸ್ ದಾಖಲೆ ಮಾಡಿದ ಊರು ಅದು. ಬುಟ್ಟೆನ್‌ಹೈಮ್ ಅನ್ನೋ ಇನ್ನೊಂದು ಚಿಕ್ಕ ಊರಲ್ಲಿ ಎರಡು ಬ್ರೂವರಿ. (ಜೀನ್ಸ್ ಪ್ಯಾಂಟಿನ ಲೆವಿ ಸ್ಟ್ರಾಸ್ 1829ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಮನೇನ ಮ್ಯೂಸಿಯಂ ಮಾಡಿದಾರೆ, ಆದ್ರೆ ನಮ್ಮವರು ಬಂದ್ರೆ ಮ್ಯೂಸಿಯಂ ಬಾಗಿಲಲ್ಲಿ ಫೋಟೋ ತೆಗೆಸ್ಕೊಂಡು ಸೀದಾ ಬಿಯರ್ ಕಡೆ.)

ಇಲ್ಲಿ ಬೇಸಿಗೆಯಲ್ಲಿ ಎಲ್ರೂ ಕೆಲ್ಲರ್‌ಗೆ, ಅಂದ್ರೆ ಬಿಯರ್ ನೆಲಮಾಳಿಗೆ ಮೇಲಿರೋ ಮರದ ನೆರಳಿನ ಜಾಗಕ್ಕೆ, ಹೋಗ್ತಾರೆ. 1553ರಲ್ಲಿ ಬವೇರಿಯಾದಲ್ಲಿ ಒಂದು ಆಜ್ಞೆ ಬಂತು, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡೋ ಹಾಗಿಲ್ಲ, ಸೆಖೆಯಲ್ಲಿ ಕೆಡತ್ತೆ ಅಂತ. ಹಂಗಾಗಿ ಬೇಸಿಗೆಗೆ ಬೇಕಾದ ಬಿಯರ್‌ನ ಮೊದಲೇ ಮಾಡಿ ಇಟ್ಕೋಬೇಕಿತ್ತು, ಫ್ರಿಜ್ ಇಲ್ಲದ ಕಾಲ, ಗುಡ್ಡದೊಳಗೆ ಕಲ್ಲು ಕೊರೆದು ನೆಲಮಾಳಿಗೆ ಮಾಡಿ ಅದರಲ್ಲಿ ಇಡೋರು, ಮೇಲೆ ನೆರಳಿಗೆ ಅಂತ ಚೆಸ್ಟ್‌ನಟ್ ಮರ ಹಾಕೋರು, ಆಮೇಲೆ ಆ ಮರದ ಕೆಳಗೇ ಬೆಂಚು ಬಂತು, ಜನ ಬಂದು ಕೂತ್ರು. ಅಲ್ಲಿ ಕೊಡೋ ಕೆಲ್ಲರ್‌ಬಿಯರ್ ಸೋಸಿರಲ್ಲ, ಸ್ವಲ್ಪ ಮಬ್ಬಾಗಿರತ್ತೆ. ಕೆಲವನ್ನ ಪೀಪಾಯಿ ಬಿಗಿಯಾಗಿ ಮುಚ್ಚದೆ ಹದ ಮಾಡ್ತಾರೆ, ಗ್ಯಾಸ್ ಹೊರಗೆ ಹೋಗ್ಲಿ ಅಂತ, ಅದಕ್ಕೇ ನೊರೆ ಕಮ್ಮಿ, ಹೊಟ್ಟೆ ಉಬ್ಬಲ್ಲ, ಮಣ್ಣಿನ ಮಗ್‌ನಲ್ಲಿ ಅರ್ಧ ಲೀಟರ್ ಇಟ್ಕೊಂಡು ಸಾಯಂಕಾಲ ಪೂರ್ತಿ ಮಾತಾಡ್ಕೊಂಡು ಕೂರಬಹುದು. ಇಂಥಾದ್ದಕ್ಕೆ ಎಲ್ಲಿಂದಲೋ ಬಂದವನು ಎರಡು ಗುಟುಕು ಕುಡಿದು "ಗ್ಯಾಸ್ ಇಲ್ಲ, ಸಪ್ಪೆ" ಅಂತ ಟೈಪ್ ಮಾಡಿ ಹೋಗ್ತಾನೆ.

ನನ್ ತಕರಾರು ಇಷ್ಟೇ. ಸ್ಟಾರ್ ಕೊಡೋದು ಮೊದಲನೇ ಗುಟುಕಿಗೆ, ಈ ಬಿಯರ್ ಮಾಡಿರೋದು ಎರಡನೇ ಮಗ್‌ಗೋಸ್ಕರ. ಮೊದಲ ಗುಟುಕಲ್ಲಿ ಗೆಲ್ಲೋದು ಯಾವಾಗ್ಲೂ ಜೋರಾಗಿ ಕೂಗೋದೇ, ಸಿಹಿ ಜಾಸ್ತಿ, ಹುಳಿ ಜಾಸ್ತಿ ಇಲ್ಲಾ ಆಲ್ಕೋಹಾಲ್ ಜಾಸ್ತಿ.

ಬ್ಯಾಂಬರ್ಗ್‌ನ ಶ್ಲೆಂಕರ್ಲಾ ಬ್ರೂವರಿ ತಗೊಳ್ಳಿ. ಬೀಚ್ ಮರದ ಸೌದೆ ಹೊಗೇಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಒಣಗಿಸಿ ಮಾಡೋ ರೌಖ್‌ಬಿಯರ್, ಅಂದ್ರೆ ಹೊಗೆ ಬಿಯರ್. ಹಿಂದಿನ ಕಾಲದಲ್ಲಿ ಸೌದೆ ಉರಿಯಲ್ಲೇ ಮಾಲ್ಟ್ ಒಣಗಿಸ್ತಿದ್ರಿಂದ ಬಿಯರ್‌ನಲ್ಲಿ ಹೊಗೆ ವಾಸನೆ ಮಾಮೂಲಿ, ಹೊಗೆ ತಾಗದ ಹಾಗೆ ಒಣಗಿಸೋ ಗೂಡು ಬಂದ್ಮೇಲೆ ಎಲ್ರೂ ಬಿಟ್ರು, ಬ್ಯಾಂಬರ್ಗ್‌ನಲ್ಲಿ ಇವರೂ ಶ್ಪೆತ್ಸಿಯಾಲ್ ಅನ್ನೋ ಇನ್ನೊಂದು ಬ್ರೂವರಿಯವರೂ ಬಿಡ್ಲಿಲ್ಲ. ಲೋಟ ಮೂಗಿನ ಹತ್ರ ತಂದ್ರೆ ಊರ ಮನೆ ಬಚ್ಚಲ ಹಂಡೆ ಒಲೆ ಮುಂದೆ ಕೂತಂಗಾಗತ್ತೆ. ಮೂರು ಲೋಟ ಕುಡಿಯೋವರೆಗೂ ರುಚಿ ಗೊತ್ತಾಗಲ್ಲ ಅಂತ ಊರೋರೇ ಹೇಳ್ತಾರೆ. ಅಂಥಾದ್ದಕ್ಕೆ ಅರ್ಧ ಲೋಟದಲ್ಲಿ ತೀರ್ಪು ಕೊಟ್ರೆ ಹೆಂಗೆ ಸ್ವಾಮಿ?

ರೇಟಿಂಗ್‌ನಿಂದ ಆಗೋ ಅನಾಹುತಕ್ಕೆ ಬೆಲ್ಜಿಯಂದು ಒಂದು ಕತೆ ಇದೆ. ವೆಸ್ಟ್‌ವ್ಲೆಟೆರೆನ್ ಅನ್ನೋ ಊರಿನ ಮಠದ ಸನ್ಯಾಸಿಗಳು ಮಾಡೋ ಬಿಯರ್‌ನ 2005ರಲ್ಲಿ ರೇಟ್‌ಬಿಯರ್ ವೆಬ್‌ಸೈಟ್‌ನವರು ಪ್ರಪಂಚದಲ್ಲೇ ನಂಬರ್ ಒನ್ ಅಂದ್ರು, ಜನ ಮುಗಿಬಿದ್ರು, ಸ್ಟಾಕ್ ಖಾಲಿ. ಮಠ ನಡೆಯೋಕೆ ಎಷ್ಟು ಬೇಕೋ ಅಷ್ಟೇ ಮಾಡೋ ಸನ್ಯಾಸಿಗಳು ಜಾಸ್ತಿ ಮಾಡಲ್ಲ ಅಂದ್ಬಿಟ್ರು. ಅದು 10.2 ಪರ್ಸೆಂಟ್ ಬಿಯರ್. ಚೆನ್ನಾಗೇ ಇದೆ, ಆದ್ರೆ ಬಿಸಿಲಲ್ಲಿ ಗುಡ್ಡ ಹತ್ತಿ ಬಂದವನಿಗೆ ಕೊಟ್ರೆ ಅಲ್ಲೇ ಮಲಗ್ತಾನೆ.

ಬೆಂಗಳೂರಿಂದ ಫ್ರೆಂಡ್ಸ್ ಬಂದ್ರೆ ಇನ್ನೊಂದ್ ಗೋಳು, "ಕಿಕ್ಕೇ ಇಲ್ವಲ್ಲೋ ಮಗಾ". ಎಂಟು ಪರ್ಸೆಂಟ್ ಸ್ಟ್ರಾಂಗ್‌ಗೆ ಒಗ್ಗಿದ ಗಂಟಲು, ಐದು ಪರ್ಸೆಂಟ್ ಅಂದ್ರೆ ಮೋಸ ಹೋದೆ ಅನ್ಸತ್ತೆ ಪಾಪ. ಅವರ ಮೇಲೆ ಆ್ಯಪ್‌ನವರಷ್ಟು ಸಿಟ್ಟು ಬರಲ್ಲ, ಏನು ಬೇಕು ಅಂತ ನೇರವಾಗಿ ಹೇಳ್ತಾರಲ್ಲ.

ನಾನೂ ಬರ್ಕೊಳ್ತೀನಿ, ಇಲ್ಲ ಅನ್ನಲ್ಲ. ಯಾವ ಊರು, ಹವಾಮಾನ ಹೆಂಗಿತ್ತು, ಎರಡನೇದು ತಗೊಂಡ್ನಾ, ಏನ್ ನೆಂಚ್ಕೊಂಡೆ. ನಮ್ಮ ನಾಲಿಗೆಗೆ ಕೊನೇದು ಬಹಳ ಮುಖ್ಯ. ಖಾರದ ಜೊತೆ ಕಹಿಯಾಗಿರೋ ಪಿಲ್ಸ್ ಬಿಯರ್ ಕುಡಿದ್ರೆ ಎರಡೂ ಜಗಳಕ್ಕೆ ಬೀಳ್ತವೆ. ಗೋಧಿಯಿಂದ ಮಾಡೋ ವೈಸ್‌ಬಿಯರ್ ಇದೆಯಲ್ಲ, ಬಾಳೆಹಣ್ಣು ಲವಂಗ ಎರಡರದ್ದೂ ಘಮ ಬರತ್ತೆ, ಅದನ್ಯಾರೂ ಹಾಕಿರಲ್ಲ, ಯೀಸ್ಟ್‌ದೇ ಕೆಲಸ, ಅದು ಖಾರಕ್ಕೆ ಒಳ್ಳೆ ಜೋಡಿ. ಕಾಂಗ್ರೆಸ್ ಕಡ್ಲೆಕಾಯಿಗೆ ಕೆಲ್ಲರ್‌ಬಿಯರ್. ಹೊಗೆ ಬಿಯರ್‌ಗೆ ಮಾತ್ರ ಅಲ್ಲಿಯವರ ತಿಂಡಿನೇ ಸರಿ.

ಬವೇರಿಯಾದ ಬಿಯರ್ ಗಾರ್ಡನ್‌ಗಳಲ್ಲಿ ಬಿಯರ್ ಅವರ ಹತ್ರ ಕೊಂಡು ತಿಂಡಿ ಮನೆಯಿಂದ ತರೋದು ಹಳೇ ಪದ್ಧತಿ, ಎಲ್ಲಾ ಕೆಲ್ಲರ್‌ನಲ್ಲೂ ಬಿಡಲ್ಲ, ಮೊದಲು ಕೇಳಿ, ಆಮೇಲೆ ಬುತ್ತಿ ಬಿಚ್ಚಿ. ಈ ಬೇಸಿಗೆಗೆ ಬರೋರಿದ್ರೆ ಟ್ರೇನಲ್ಲಿ ಬನ್ನಿ, ಕಾರು ಬೇಡ. ಕೋಡುಬಳೆ ಜಾಸ್ತಿ ತನ್ನಿ, ಇಲ್ಲಿ ಇಂಡಿಯನ್ ಸ್ಟೋರ್‌ನಲ್ಲಿ ಸಿಗೋದು ಮೆತ್ತಗಾಗಿರತ್ತೆ.