ಆಸಕ್ತಿ ಇಲ್ಲ ಅಂತಲ್ಲ, ಕರೆಯುವುದೇ ಇಲ್ಲ

‘ಅಪ್ಪಂದಿರಿಗೆ ಮಕ್ಕಳ ಶಾಲೆಯ ಬಗ್ಗೆ ಆಸಕ್ತಿ ಕಡಿಮೆ’ ಎಂದು ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮಗಳನ್ನು ಶಿಶುವಿಹಾರಕ್ಕೆ ಸೇರಿಸುವಾಗ ಅರ್ಜಿಯಲ್ಲಿ ನಮ್ಮಿಬ್ಬರ ನಂಬರನ್ನೂ ಕೊಟ್ಟಿದ್ದೆವು. ವರ್ಷವಿಡೀ ಫೋನ್ ಬಂದಿದ್ದು ಹೆಂಡತಿಗೆ ಮಾತ್ರ. ವಾಟ್ಸಾಪ್ ಗುಂಪಿನ ಹೆಸರೇ ‘ಅಮ್ಮಂದಿರ ಬಳಗ’! ದಿನಾ ಮಗಳನ್ನು ಬಿಟ್ಟು ಬರುತ್ತಿದ್ದವನು ನಾನು. ಆದರೂ ಬಾಗಿಲಲ್ಲಿ ಟೀಚರ್ ಹೇಳುತ್ತಿದ್ದದ್ದು ‘ಇದನ್ನು ಅವರಮ್ಮನಿಗೆ ಹೇಳಿಬಿಡಿ’ ಎಂದು. ನನ್ನದು ಪೋಸ್ಟ್‌ಮ್ಯಾನ್ ಕೆಲಸ, ಅಷ್ಟೇ. ಸಭೆ ಇಡುವುದೂ ಕೆಲಸದ ದಿನ ಹನ್ನೊಂದು ಗಂಟೆಗೆ. ಕೆಲಸಕ್ಕೆ ಹೋಗುವ ಅಮ್ಮಂದಿರಿಗೂ ಅದು ಕಷ್ಟವೇ ಅಲ್ವಾ?

ಇನ್ನು ಕ್ರೀಡಾ ದಿನಕ್ಕೆ ಅಪ್ಪಂದಿರನ್ನು ಕರೆಯಬೇಕು ಎಂಬ ನಿಮ್ಮ ಸಲಹೆ. ಕರೆಯಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಸುಮ್ನೆ ಫೋಟೋಗೆ ಆಗುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನ ಅಪ್ಪಂದಿರು ಎರಡು ವರ್ಷದ ಮಕ್ಕಳ ಜೊತೆ ಆಡುವ ಮಾತನ್ನು ಗಮನಿಸಿತ್ತು. ‘ಏನು, ಎಲ್ಲಿ, ಯಾಕೆ’ ಎಂದು ಜಾಸ್ತಿ ಕೇಳುವ ಅಪ್ಪಂದಿರ ಮಕ್ಕಳಿಗೆ ಹೆಚ್ಚು ಪದಗಳು ಗೊತ್ತಿದ್ದವು. ವರ್ಷದ ನಂತರ ಯೋಚಿಸಿ ಉತ್ತರಿಸುವುದರಲ್ಲೂ ಅವರು ಮುಂದಿದ್ದರು. ಇದಕ್ಕೆ ಮೈದಾನ ಬೇಕಿಲ್ಲ. ಇವತ್ತು ಯಾವ ಕಥೆ ಹೇಳಿದೆವು ಎಂದು ಶಾಲೆಯಿಂದ ಎರಡು ಸಾಲು ಬಂದರೆ ಸಾಕು, ಅಪ್ಪನಿಗೂ ಅಜ್ಜನಿಗೂ ಮಾತು ಶುರುಮಾಡಲು ಒಂದು ಎಳೆ ಸಿಗುತ್ತದೆ.

ಕಥೆ ಗೊತ್ತಿದ್ದ ದಿನ ‘ನರಿ ಯಾಕೆ ಓಡಿಹೋಯಿತು?’ ಎಂದು ಕೇಳಿದರೆ ಮಗಳು ಅರ್ಧ ಗಂಟೆ ಮಾತಾಡುತ್ತಿದ್ದಳು. ಗೊತ್ತಿಲ್ಲದ ದಿನ ‘ಸ್ಕೂಲ್ ಹೇಗಿತ್ತು?’ ‘ಚೆನ್ನಾಗಿತ್ತು.’ ಅಲ್ಲಿಗೆ ಮುಗಿಯಿತು.