‘ಇವತ್ತು ಕರ್ಣ ಯಾರದ್ದು?’

ಕಳೆದ ಮಳೆಗಾಲಕ್ಕೆ ಮುಂಚೆ ಮಂಗಳೂರಿನ ಒಂದು ಪುಸ್ತಕ ಮಳಿಗೆಯಿಂದ ಇಂಗ್ಲಿಷಿನ ಹೊಸ ಫ್ಯಾಂಟಸಿ ಕಾದಂಬರಿಯೊಂದನ್ನು 699 ರೂಪಾಯಿ ಕೊಟ್ಟು ತಂದೆ. ಮುಖಪುಟದ ಮೂಲೆಯಲ್ಲಿ ಚಿನ್ನದ ಬಣ್ಣದ ಗುಂಡನೆಯ ಚೀಟಿಯೊಂದಿತ್ತು; ಕಾದಂಬರಿ ಸದ್ಯದಲ್ಲಿಯೇ ವೆಬ್ ಸರಣಿಯಾಗಿ ಬರಲಿದೆ ಎಂಬ ಸುದ್ದಿ ಅದರಲ್ಲಿತ್ತು. ಮನೆಗೆ ಬಂದು ಅದನ್ನು ಕಿತ್ತು ತೆಗೆಯೋಣವೆಂದು ಉಗುರಿನಿಂದ ಕೆರೆದೆ. ಎಷ್ಟು ಕೆರೆದರೂ ಅಂಚು ಏಳಲಿಲ್ಲ, ಏಕೆಂದರೆ ಅದು ಚೀಟಿಯೇ ಆಗಿರಲಿಲ್ಲ; ಚೀಟಿಯ ಹಾಗೆ ಕಾಣಲೆಂದು ನೆರಳು ಸಮೇತ ಮುದ್ರಿಸಿದ ಚಿತ್ರವಾಗಿತ್ತು. ಹಿಂಬದಿಯಲ್ಲಿ ಎಂಟು ಸಾಲುಗಳಿದ್ದವು. ಅವುಗಳಲ್ಲಿ ಬೇರೆ ಮೂರು ಪ್ರಸಿದ್ಧ ಕಾದಂಬರಿಗಳ ಹೆಸರುಗಳಿದ್ದವು, ‘ಉಸಿರು ಬಿಗಿಹಿಡಿಸುವ’ ಎಂಬ ಅರ್ಥದ ಹೊಗಳಿಕೆ ಎರಡು ಸಲ ಇತ್ತು, ಆದರೆ ಕತೆ ನಡೆಯುವ ಊರು ಯಾವುದು, ಅಲ್ಲಿನ ಜನರು ಏನು ತಿನ್ನುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಪುಟಗಳ ಅಂಚಿಗೆ ಕಡುನೀಲಿ ಬಣ್ಣ ಬಳಿದಿದ್ದರು. ಈಗ ಇದೊಂದು ದೊಡ್ಡ ಆಕರ್ಷಣೆಯಂತೆ. ನಮ್ಮ ಕರಾವಳಿಯ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಆ ಬಣ್ಣ ಮೆತ್ತಗಾಗಿ ಪುಟಗಳು ಒಂದಕ್ಕೊಂದು ಅಂಟಿಕೊಂಡವು. ಅಡುಗೆಮನೆಯ ಚೂರಿಯಿಂದ ಒಂದೊಂದೇ ಹಾಳೆಯನ್ನು ಬಿಡಿಸಿಕೊಂಡು ಓದಬೇಕಾಯಿತು. ಹಾಗೆ ಬಿಡಿಸುತ್ತಾ ಬಿಡಿಸುತ್ತಾ ಕೊನೆಯ ಪುಟಕ್ಕೆ ಬಂದರೆ ನಾಯಕಿ ಕೋಟೆಯ ಬಾಗಿಲಿನ ಮುಂದೆ ನಿಂತಿದ್ದಾಳೆ, ಕತೆ ಮುಗಿದಿಲ್ಲ. ಇದು ಸರಣಿಯ ಮೊದಲ ಭಾಗ ಎಂಬ ಮಾತು ಮುಖಪುಟದಲ್ಲಿ, ಬೆನ್ನಿನ ಮೇಲೆ, ಒಳಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಯಕ್ಷಗಾನದಲ್ಲಿ ಮಂಗಳ ಹಾಡದೆ ಭಾಗವತರು ಜಾಗಟೆ ಕೆಳಗಿಟ್ಟು ಎದ್ದುಹೋದ ಹಾಗಾಯಿತು.

ಸಿಟ್ಟಿನಲ್ಲಿ ಬರೆಯಬಾರದೆಂದು ಕೆಲವು ತಿಂಗಳು ಸುಮ್ಮನಿದ್ದೆ. ಈಗ ಸಿಟ್ಟು ಇಳಿದಿದೆ, ಅಭಿಪ್ರಾಯ ಮಾತ್ರ ಬದಲಾಗಿಲ್ಲ.

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಬೆಳೆದವರಿಗೆ ಫ್ಯಾಂಟಸಿ ಹೊಸತಲ್ಲ. ಹತ್ತು ತಲೆಯವನನ್ನು, ಬೆಂಕಿಯೊಳಗಿನಿಂದ ಹುಟ್ಟಿ ಬಂದವರನ್ನು, ರಾಳದ ಹೊಗೆಯ ನಡುವೆ ಆರ್ಭಟಿಸುತ್ತಾ ಬರುವ ಬಣ್ಣದ ವೇಷವನ್ನು ನಾವು ಯಕ್ಷಗಾನದ ಆಟಗಳಲ್ಲಿ ನಿದ್ದೆಗಣ್ಣಿನಲ್ಲಿ ನೋಡಿಯೇ ದೊಡ್ಡವರಾದವರು. ಅಲ್ಲಿ ಕತೆ ಎಲ್ಲರಿಗೂ ಗೊತ್ತು. ಕರ್ಣ ಸಾಯುತ್ತಾನೆಂದು ವೇಷ ಕಟ್ಟುವ ಚೌಕಿಯ ಹಿಂದೆ ಕಡಲೆ ಮಾರುವವನಿಗೂ ಗೊತ್ತು. ಹಾಗಿದ್ದರೂ ಜನರು ರಾತ್ರಿಯಿಡೀ ಕುಳಿತಿರುತ್ತಾರೆ. ಆಟದ ನೋಟೀಸು ಕೈಗೆ ಬಂದಾಗ ನಮ್ಮ ಅಜ್ಜ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಇವತ್ತು ಕರ್ಣ ಯಾರದ್ದು?’ ಎಂಬುದು. ಆ ತೆಳು ಬಣ್ಣದ ಕಾಗದದಲ್ಲಿ ಪ್ರಸಂಗದ ಹೆಸರು, ಮೇಳದ ಹೆಸರು, ಭಾಗವತರು ಯಾರು, ಚೆಂಡೆ ಮದ್ದಳೆಗೆ ಯಾರು, ಯಾವ ವೇಷ ಯಾರದ್ದು, ಆಟ ಎಲ್ಲಿ ಮತ್ತು ಎಷ್ಟು ಹೊತ್ತಿಗೆ ಎಂಬ ಎಲ್ಲ ವಿವರವೂ ಇರುತ್ತಿತ್ತು. ಡೇರೆ ಮೇಳದವರು ಜೀಪಿಗೆ ಮೈಕು ಕಟ್ಟಿಕೊಂಡು ಅದನ್ನೇ ಊರಿಡೀ ಕೂಗಿಕೊಂಡು ಹೋಗುತ್ತಿದ್ದರು. ಅದರಲ್ಲಿ ಅಬ್ಬರವಿತ್ತು, ಒಪ್ಪುತ್ತೇನೆ. ‘ಗಜಗಟ್ಟಿ ಮೇಳ’ ಎನ್ನದ ಪ್ರಚಾರವನ್ನು ನಾನು ಕೇಳಿಲ್ಲ. ಆದರೆ ಟಿಕೇಟು ಕೊಳ್ಳುವವನಿಗೆ ತಾನು ಏನನ್ನು ನೋಡಲು ಹೋಗುತ್ತಿದ್ದೇನೆ ಎಂಬ ಬಗ್ಗೆ ಗೊಂದಲವಿರುತ್ತಿರಲಿಲ್ಲ.

ಫ್ಯಾಂಟಸಿ ಕಾದಂಬರಿಯ ಸ್ಥಿತಿಯೂ ಹೆಚ್ಚು ಕಡಿಮೆ ಇದೇ ಆಗಿದೆ. ಅನಾಥ ಹುಡುಗ, ಕಳೆದುಹೋದ ಸಿಂಹಾಸನ, ದೂರದ ಬೆಟ್ಟ, ಹಳೆಯ ಕತ್ತಿ, ಗಡ್ಡದ ಗುರು, ಇವು ಈ ಪ್ರಕಾರದ ಒಡ್ಡೋಲಗ (ವೇಷಗಳ ಪ್ರವೇಶದ ಕುಣಿತ) ಮತ್ತು ಪ್ರಯಾಣ ಕುಣಿತ ಇದ್ದಂತೆ. ಇವು ಇವೆ ಎಂಬ ಕಾರಣಕ್ಕೆ ಯಾರೂ ಓದುವುದಿಲ್ಲ, ಇವು ಇವೆ ಎಂಬ ಕಾರಣಕ್ಕೆ ಯಾರೂ ಬಿಡುವುದೂ ಇಲ್ಲ. ನನ್ನಂಥ ಓದುಗನಿಗೆ ತಿಳಿಯಬೇಕಾದದ್ದು, ಈ ಒಡ್ಡೋಲಗ ಯಾರದ್ದು, ಇವರ ವಾಕ್ಯದ ನಡೆ ಹೇಗಿದೆ, ಇವರು ಕಟ್ಟಿದ ಲೋಕದಲ್ಲಿ ಮಳೆ ಹೇಗೆ ಬೀಳುತ್ತದೆ ಎಂಬುದು. ಇಂದಿನ ಪ್ರಚಾರವು ಸರಿಯಾಗಿ ಇದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತದೆ.

ಮಣಿಪಾಲದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಫೋನಿನಲ್ಲಿ ನನಗೆ ಇದರ ಒಂದು ಮಾದರಿಯನ್ನು ತೋರಿಸಿದಳು. ನಡುವೆ ಪುಸ್ತಕದ ಚಿತ್ರ. ಸುತ್ತಲಿಂದ ಅದರತ್ತ ಬಾಣದ ಗುರುತುಗಳು. ಒಂದೊಂದು ಬಾಣದ ಬುಡದಲ್ಲಿ ಒಂದೊಂದು ಮಾತು: ಹಗೆಗಳು ಪ್ರೇಮಿಗಳಾಗುವುದು, ಡ್ರ್ಯಾಗನ್, ಅರಮನೆಯ ಒಳಸಂಚು, ಇಬ್ಬರಿಗೆ ಒಂದೇ ಹಾಸಿಗೆ. ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್‌ನಲ್ಲಿಯೇ ನಿಷೇಧವಾದದ್ದರಿಂದ ಹೊರದೇಶದಲ್ಲಿ ಅಲ್ಲಿ ನಡೆಯುವ ಪುಸ್ತಕ ಪ್ರಚಾರವೆಲ್ಲ ಇಲ್ಲಿಗೆ ಇನ್‌ಸ್ಟಾಗ್ರಾಂ ರೀಲುಗಳ ಮೂಲಕ ಬರುತ್ತದೆ. ‘ಇದು ಹೋಟೆಲಿನ ಗೋಡೆಗೆ ತೂಗುಹಾಕಿದ ತಿಂಡಿಗಳ ಬೋರ್ಡಿನ ಹಾಗಿದೆಯಲ್ಲ’ ಎಂದೆ. ‘ಹೌದು ಮಾಮ, ಹಸಿವಾದವರು ಬೋರ್ಡು ನೋಡದೆ ಮತ್ತೆಂತ ನೋಡುವುದು?’ ಎಂದಳು. ಅವಳ ಮಾತಿನಲ್ಲಿ ಹುರುಳಿದೆ. ಪ್ರಣಯ ಬೆರೆತ ಫ್ಯಾಂಟಸಿಯನ್ನು ಹುಡುಗಿಯರ ಓದೆಂದು ಹೀಯಾಳಿಸುವ ಗಂಡಸರ ಸಾಲಿನಲ್ಲಿ ನಿಲ್ಲುವ ಇಚ್ಛೆ ನನಗಿಲ್ಲ. ನಾವು ನಮ್ಮ ಕಾಲದಲ್ಲಿ ಓದಿದ ಕತ್ತಿಕಾಳಗದ ಪುಸ್ತಕಗಳು ಇದಕ್ಕಿಂತ ಮೇಲಿನ ದರ್ಜೆಯವೇನೂ ಆಗಿರಲಿಲ್ಲ. ನನ್ನ ತಕರಾರು ಬೋರ್ಡಿನ ಮೇಲಲ್ಲ. ‘ನೀರುದೋಸೆ’ ಎಂದು ಬರೆದರೆ ಅದು ಯಾರ ಕೈಯ ನೀರುದೋಸೆ ಎಂಬುದನ್ನೂ ಬರೆಯಿರಿ ಎಂಬುದಷ್ಟೇ ನನ್ನ ಬೇಡಿಕೆ.

ಪ್ರಸಿದ್ಧ ಕಾದಂಬರಿಗಳ ಹೆಸರು ಹೇಳಿ ಹೊಸತನ್ನು ಮಾರುವ, ಹೋಲಿಕೆಯ ಈ ವ್ಯಾಪಾರಕ್ಕೆ ಒಂದು ಇತಿಹಾಸವಿದೆ. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. ಅವರ ಪಾಲಿಗೆ ಅದು ಒಂದೇ ಕಾದಂಬರಿ. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಕಾಗದದ ಬೆಲೆ ವಿಪರೀತವಿದ್ದುದರಿಂದ ಪ್ರಕಾಶಕರು ಅದನ್ನು ಒಡೆದರು. ಮೂರನೆಯ ಸಂಪುಟಕ್ಕೆ ಪ್ರಕಾಶಕರು ಇಟ್ಟ ಹೆಸರು ಕತೆಯ ಅಂತ್ಯವನ್ನೇ ಹೇಳಿಬಿಡುತ್ತದೆಂದು ಲೇಖಕರಿಗೆ ಅದು ಹಿಡಿಸಿರಲಿಲ್ಲ. ಫ್ಯಾಂಟಸಿಯೆಂದರೆ ಮೂರು ಭಾಗ ಎಂಬ ಈಗಿನ ಪದ್ಧತಿಯ ಬುಡದಲ್ಲಿ ಹೀಗೊಂದು ಕಾಗದದ ಲೆಕ್ಕಾಚಾರವಿದೆ ಎಂಬುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಮುಂದೆ 1977ರಲ್ಲಿ ಟೆರಿ ಬ್ರೂಕ್ಸ್ ಅವರ ‘ದಿ ಸ್ವೋರ್ಡ್ ಆಫ್ ಶನಾರಾ’ ಬಂದಾಗ, ಟೋಲ್ಕಿನ್ ಕ್ಯಾಲೆಂಡರುಗಳಿಗೆ ಚಿತ್ರ ಬರೆದು ಹೆಸರಾಗಿದ್ದ ಹಿಲ್ಡೆಬ್ರ್ಯಾಂಟ್ ಸೋದರರಿಂದಲೇ ಅದಕ್ಕೂ ಚಿತ್ರ ಬರೆಸಿದರು. ನೋಡಿದ ಕೂಡಲೇ ‘ಅದರ ಹಾಗಿನದ್ದೇ ಇನ್ನೊಂದು’ ಎಂದು ಅನ್ನಿಸುವಂತಿತ್ತು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಅಲ್ಲಿಂದೀಚೆಗೆ ‘ಹಾಗಿನದ್ದೇ ಇನ್ನೊಂದು’ ಎಂಬುದು ಪ್ರಚಾರದ ಕುಲದೈವವಾಗಿ ನೆಲೆಗೊಂಡಿದೆ.

ಮುಖಪುಟಗಳ ಕತೆ ಇನ್ನೂ ರುಚಿಕರವಾದದ್ದು. ಅಮೆರಿಕದಲ್ಲಿ 1965ರಲ್ಲಿ ಟೋಲ್ಕಿನ್ ಅವರ ಪುಸ್ತಕಗಳ ಅಧಿಕೃತ ಅಗ್ಗದ ಆವೃತ್ತಿ ಬಂದಾಗ ಮುಖಪುಟ ಬರೆದ ಕಲಾವಿದೆ ಬಾರ್ಬರಾ ರೆಮಿಂಗ್ಟನ್ ಅವರಿಗೆ ಪುಸ್ತಕ ಓದಲು ಅವಕಾಶವೇ ಆಗಿರಲಿಲ್ಲ. ‘ದಿ ಹಾಬಿಟ್’ ಕಾದಂಬರಿಯ ಮುಖಪುಟದಲ್ಲಿ ಒಂದು ಸಿಂಹವೂ ಎಮುವಿನಂಥ ಹಕ್ಕಿಗಳೂ ಕಾಣಿಸಿಕೊಂಡವು. ಕತೆಯಲ್ಲಿ ಅವು ಇಲ್ಲ. ಲೇಖಕರು ಗೊಣಗಿದ ಮೇಲೆ ಮುಂದಿನ ಮುದ್ರಣಗಳಲ್ಲಿ ಸಿಂಹವನ್ನು ತೆಗೆದರು, ಹಕ್ಕಿಗಳು ಉಳಿದುಕೊಂಡವು. ಅದು ನಗುವಂಥ ತಪ್ಪು. ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರಿಗಾದದ್ದು ನಗುವಂಥದ್ದಲ್ಲ. 1968ರ ‘ಎ ವಿಝಾರ್ಡ್ ಆಫ್ ಅರ್ಥ್‌ಸೀ’ ಕಾದಂಬರಿಯ ನಾಯಕ ಗೆಡ್‌ನದು ಕೆಂಪು ಬೆರೆತ ಕಂದು ಮೈಬಣ್ಣ. ಆ ದ್ವೀಪಗಳ ಹೆಚ್ಚಿನವರೂ ಕಪ್ಪು ಅಥವಾ ಕಂದು ಬಣ್ಣದವರು. ಲೆ ಗ್ವಿನ್ ಬೇಕೆಂದೇ ಹಾಗೆ ಬರೆದಿದ್ದರು. ಮುಖಪುಟಗಳಲ್ಲಿ ಮಾತ್ರ ಅವನು ಮತ್ತೆ ಮತ್ತೆ ಬಿಳಿಯನಾದ. 2004ರ ದೂರದರ್ಶನ ಸರಣಿಯಲ್ಲಿಯೂ ಬಿಳಿಯ ನಟನೇ ಆ ಪಾತ್ರ ಮಾಡಿದ. ಅದನ್ನು ಅವರು ಬಹಿರಂಗವಾಗಿಯೇ ಖಂಡಿಸಿ ಬರೆದರು. ಕಂದು ಬಣ್ಣದ ಮುಖವಿದ್ದರೆ ಪುಸ್ತಕ ಮಾರಾಟವಾಗುವುದಿಲ್ಲ ಎಂದು ಯಾರೋ ಮೇಜಿನ ಹಿಂದೆ ಕುಳಿತು ನಿರ್ಧರಿಸಿದಾಗ, ಪುಸ್ತಕದ ಒಳಗಿನ ಮುಖ್ಯ ಮಾತನ್ನೇ ಹೊರಗಿನ ರಟ್ಟು ಅಳಿಸಿಹಾಕುತ್ತದೆ.

‘ಯಾರದ್ದು’ ಎಂಬುದನ್ನೇ ಮರೆಮಾಡಿದ ಉದಾಹರಣೆಯೂ ಇದೆ. 1997ರಲ್ಲಿ ಹ್ಯಾರಿ ಪಾಟರ್ ಮೊದಲ ಪುಸ್ತಕ ಬರುವಾಗ, ಹೆಂಗಸಿನ ಹೆಸರು ಕಂಡರೆ ಹುಡುಗರು ಕೊಳ್ಳಲಾರರೆಂಬ ಅಂಜಿಕೆಯಿಂದ ಪ್ರಕಾಶಕರು ಜೋನ್ ರೌಲಿಂಗ್ ಅವರಿಗೆ ಹೆಸರಿನ ಮೊದಲಕ್ಷರಗಳನ್ನಷ್ಟೇ ಬಳಸಲು ಸೂಚಿಸಿದರು. ಅವರಿಗೆ ನಡುವಿನ ಹೆಸರೇ ಇರಲಿಲ್ಲ. ಅಜ್ಜಿಯ ಹೆಸರಿನಿಂದ ‘ಕೆ’ ಅಕ್ಷರವನ್ನು ಎರವಲು ಪಡೆದರು. ಇದಕ್ಕೆ ತದ್ವಿರುದ್ಧವಾದದ್ದು 2022ರ ಮಾರ್ಚ್‌ನಲ್ಲಿ ನಡೆಯಿತು. ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ತಾವು ಯಾರಿಗೂ ಹೇಳದೆ ನಾಲ್ಕು ಕಾದಂಬರಿ ಬರೆದಿಟ್ಟಿರುವುದಾಗಿ ಹೇಳಿ ಓದುಗರಿಂದ ನೇರವಾಗಿ ಮುಂಗಡ ಕೇಳಿದಾಗ ಒಂದು ತಿಂಗಳಲ್ಲಿ 4 ಕೋಟಿ 17 ಲಕ್ಷ ಡಾಲರ್ ಸೇರಿತು. ಆ ಕತೆಗಳ ಬಗ್ಗೆ ಹೆಚ್ಚೇನೂ ತಿಳಿಯದೆಯೇ ಬಹಳ ಮಂದಿ ಹಣ ಕಟ್ಟಿದ್ದರು. ಅವರಿಗೆ ಕರ್ಣ ಯಾರದ್ದೆಂದು ಗೊತ್ತಾದರೆ ಸಾಕಿತ್ತು. ಇದು ಹೆಸರಾದವರಿಗೆ ಮಾತ್ರ ಸಾಧ್ಯವೆಂಬುದನ್ನು ಬಲ್ಲೆ. ಮೊದಲ ಪುಸ್ತಕದ ಲೇಖಕರು ಆಟದ ಆರಂಭದಲ್ಲಿ ಕುಣಿಯುವ ಬಾಲಗೋಪಾಲ ವೇಷದವರ ಹಾಗೆ, ನೋಟೀಸಿನಲ್ಲಿ ಅವರ ಹೆಸರಿರುವುದಿಲ್ಲ. ಅಂಥವರ ಪುಸ್ತಕದ ಹಿಂಬದಿಯಲ್ಲಿಯೇ ಅವರದ್ದೇ ಬರವಣಿಗೆಯ ಒಂದು ಪ್ಯಾರಾ ಹಾಕಬೇಕೆಂದು ನಾನು ಹೇಳುವುದು. ಉಸಿರು ಬಿಗಿಹಿಡಿಸುವ ಕೆಲಸವನ್ನು ಆ ಪ್ಯಾರಾ ಮಾಡಿದರೆ ಮಾಡಲಿ.

ನಮ್ಮ ಕನ್ನಡದ ಸಂಗತಿ ಬೇರೆ. ಇಲ್ಲಿ ಪ್ರಚಾರ ಅತಿಯಾಯಿತೆಂದು ದೂರುವುದಕ್ಕೆ ಪ್ರಚಾರವೇ ಇಲ್ಲ. ಬಿಡುಗಡೆಯ ದಿನ ಒಂದು ಸಭೆ, ಶಾಲು, ಹಣ್ಣಿನ ಬುಟ್ಟಿ, ಹಿರಿಯರೊಬ್ಬರ ಬೆನ್ನುಡಿ, ಆಮೇಲೆ ಗ್ರಂಥಾಲಯದ ಸಗಟು ಖರೀದಿಯ ನಿರೀಕ್ಷೆ. ಬೆನ್ನುಡಿಯಲ್ಲಿ ಲೇಖಕರ ಸಜ್ಜನಿಕೆಯ ವರ್ಣನೆ ಇರುತ್ತದೆ, ಮುನ್ನುಡಿಯಲ್ಲಿ ಕತೆಯ ಸಾರಾಂಶ ಕೊನೆಯವರೆಗೂ ಇರುತ್ತದೆ. ಫ್ಯಾಂಟಸಿಗೆಂದು ಪ್ರತ್ಯೇಕ ಕಪಾಟು ಇಲ್ಲ. ಮಕ್ಕಳ ಸಾಹಿತ್ಯದಲ್ಲಿಯೋ ಜಾನಪದದಲ್ಲಿಯೋ ಹುಡುಕಬೇಕು. ಕೋಟದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಅಜ್ಜಿ ವಸ್ತುವೊಂದನ್ನು ಕೈಯಲ್ಲಿ ಹಿಡಿದ ಕೂಡಲೇ ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷಿನಲ್ಲಿ ಇಂಥದ್ದನ್ನು ಬರೆದಿದ್ದರೆ ರಟ್ಟಿನ ಮೇಲೆ ಹೊಳೆಯುವ ಒಂದು ಮುದುಕಿಯ ಅಂಗೈ ಇರುತ್ತಿತ್ತು. 1968ರಿಂದ ಇಂದಿನವರೆಗೆ ಅದನ್ನು ಯಾರೂ ಫ್ಯಾಂಟಸಿ ಎಂದು ಮಾರಿದ್ದನ್ನು ನಾನು ನೋಡಿಲ್ಲ, ಮತ್ತು ಅದರಿಂದ ಆ ಕಾದಂಬರಿಗೆ ನಷ್ಟವೂ ಆಗಿಲ್ಲ. ಅದಕ್ಕೆ ಜ್ಞಾನಪೀಠ ಬಂತು, ನಮ್ಮ ಮನೆಯಲ್ಲಿ ಅದು ನಾಲ್ಕು ಜನರ ಕೈ ದಾಟಿತು. ಚೀಟಿ ಅಂಟಿಸದೆ ಇದ್ದರೆ ಓದುಗನು ಚೀಟಿಯ ಹಂಗಿಲ್ಲದೆ ಓದುತ್ತಾನೆ ಎಂಬುದು ಇದರ ಒಂದು ಲಾಭ.

ದೈವದ ಕೋಲವನ್ನು ತೋರಿಸಿದ ‘ಕಾಂತಾರ’ ಚಲನಚಿತ್ರ 2022ರಲ್ಲಿ ಬಂದ ನಂತರ ನಮಗೂ ‘ಹಾಗಿನದ್ದೇ ಇನ್ನೊಂದು’ ರೋಗ ತಗಲಿದೆ. ಮೊನ್ನೆ ಒಂದು ಕಾದಂಬರಿಯ ಮುಖಪುಟ ನೋಡಿದೆ, ಹೆಸರು ಬೇಡ. ದೀವಟಿಗೆ, ದೈವದ ಬೆನ್ನಿಗೆ ಕಟ್ಟುವ ಅಣಿ, ಹಂದಿಯ ಮೊಗ ಎಲ್ಲವೂ ಇತ್ತು. ಕಾಲಿನಲ್ಲಿ ಗಗ್ಗರವಿರಬೇಕಾದಲ್ಲಿ ಭರತನಾಟ್ಯದ ಗೆಜ್ಜೆಪಟ್ಟಿಯನ್ನು ಕಟ್ಟಿದ್ದರು. ಗಗ್ಗರವೆಂದರೆ ಒಳಗೆ ಗುಂಡುಗಳಿರುವ, ದಪ್ಪನೆಯ, ಪೊಳ್ಳು ಲೋಹದ ಬಳೆ. ಅದರ ದನಿ ಕೇಳಿದರೆ ರಾತ್ರಿ ಎರಡು ಗಂಟೆಗೂ ಮಕ್ಕಳು ಎದ್ದು ಕೂರುತ್ತಾರೆ. ಕುತೂಹಲಕ್ಕೆ ಪುಸ್ತಕವನ್ನು ತೆರೆದು ಓದಿದೆ. ಕತೆಯಲ್ಲಿ ದೈವವೇ ಇರಲಿಲ್ಲ. ಎಸ್ಟೇಟೊಂದರ ಆಸ್ತಿ ವ್ಯಾಜ್ಯದ ಕತೆ, ಅದೂ ಚೆನ್ನಾಗಿಯೇ ಬರೆದದ್ದು. ಪಾಪ, ಆ ಲೇಖಕರ ವ್ಯಾಜ್ಯವನ್ನು ಓದಲು ಬಯಸುವವರು ಆ ಮುಖಪುಟ ನೋಡಿ ದೂರ ಸರಿಯುತ್ತಾರೆ, ಕೋಲ ನೋಡಲು ಬಂದವರು ಹತ್ತನೆಯ ಪುಟದಲ್ಲಿ ಎದ್ದುಹೋಗುತ್ತಾರೆ.

ಇದಕ್ಕೆಲ್ಲ ಮೊದಲು ಅಂಗಡಿಯವರೇ ನೋಟೀಸು ಆಗಿದ್ದ ಕಾಲವೊಂದಿತ್ತು. ಮಂಗಳೂರಿನ ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಬಾಗಿಲು ಮುಚ್ಚಿದ ಮೇಲೆ, ಪುಸ್ತಕವನ್ನು ಕೈಗೆತ್ತಿಕೊಂಡು ಅರ್ಧ ಗಂಟೆ ನಿಂತು ಓದಿ, ಬೇಡವೆನಿಸಿದರೆ ಮತ್ತೆ ಅಲ್ಲೇ ಇಟ್ಟು ಬರುವ ನನ್ನ ಅಭ್ಯಾಸಕ್ಕೆ ಒಪ್ಪುವ ಜಾಗ ಕಡಿಮೆಯಾಯಿತು. ಆನ್‌ಲೈನ್‌ನಲ್ಲಿ ರಟ್ಟು ಕಾಣುತ್ತದೆ, ವಾಕ್ಯ ಕಾಣುವುದಿಲ್ಲ.

ಕೊನೆಗೆ ಅಕ್ಕನ ಮಗಳ ಮೇಲೆಯೇ ಒಂದು ಪ್ರಯೋಗ ಮಾಡಿದೆ. ನನಗೆ ಇಷ್ಟವಾದ ಒಂದು ಹಳೆಯ ಫ್ಯಾಂಟಸಿ ಕಾದಂಬರಿಗೆ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಕಂದು ಕಾಗದದ ಬೈಂಡ್ ಹಾಕಿದೆ. ಮೇಲೆ ಒಂದು ಚೀಟಿ ಅಂಟಿಸಿ, ಕಥೆ ಒಂದು ಬಂದರು ಪಟ್ಟಣದ್ದು, ನಾಯಕಿಗೆ ಐವತ್ತು ವರ್ಷ, ಡ್ರ್ಯಾಗನ್ ಇಲ್ಲ, ಮೊದಲ ಅರುವತ್ತು ಪುಟ ನಿಧಾನ, ಒಂದೇ ಪುಸ್ತಕ, ಮುಂದಿನ ಭಾಗವಿಲ್ಲ ಎಂದು ಬರೆದು, ಕೆಳಗೆ ಅದರದ್ದೇ ನಾಲ್ಕು ವಾಕ್ಯಗಳನ್ನು ನಕಲು ಮಾಡಿದೆ. ವಾರದ ಮೇಲೆ ಅವಳ ಫೋನು ಬಂತು.

‘ಮಾಮ, ಇದರ ಎರಡನೆಯದ್ದು ಉಂಟಾ?’

‘ಇಲ್ಲವೆಂದು ಚೀಟಿಯಲ್ಲಿಯೇ ಬರೆದಿದ್ದೆನಲ್ಲ ಮಾರಾಯ್ತಿ.’

‘ಅದು ಓದಿದ್ದೆ. ಆದರೂ ಕೇಳಿದೆ’ ಎಂದಳು.