ಸುಸ್ತಾಗಿಲ್ಲ, ಸುಮ್ನೆ ನಿಂತೆ

ಬೆಟ್ಟ ಹತ್ತುವವರಲ್ಲಿ ಸುಸ್ತಾಯಿತು ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಒಬ್ಬರ ಶೂ ಲೇಸು ಪದೇ ಪದೇ ಸಡಿಲವಾಗುತ್ತದೆ. ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಬಾಯಾರುತ್ತದೆ. ಮತ್ತೊಬ್ಬರು "ಹಿಂದಿನವರು ಬರಲಿ, ಪಾಪ" ಎಂದು ದೊಡ್ಡ ಮನಸ್ಸು ಮಾಡಿ ಬಂಡೆಯ ಮೇಲೆ ಕೂತುಬಿಡುತ್ತಾರೆ. ಹಿಂದಿನವರು ಬಂದು ನೋಡಿದರೆ ಇವರ ಎದೆ ತಿದಿಯ ಹಾಗೆ ಏರಿಳಿಯುತ್ತಿರುತ್ತದೆ. ಯಾರೂ ಏನೂ ಕೇಳುವುದಿಲ್ಲ. ಕೇಳಿದರೆ ತಮ್ಮ ಲೇಸಿನ ಗುಟ್ಟೂ ಹೊರಗೆ ಬರುತ್ತದಲ್ಲ!

ಬೇಸಿಗೆಯ ಬೆಳಗ್ಗೆ ಇಂಥ ನೆಪಗಳೇನೂ ಬೇಕಾಗುವುದಿಲ್ಲ. ಗಾಳಿ ತಂಪಾಗಿರುತ್ತದೆ, ಎಲ್ಲರೂ ಬೇಕಾದ್ದಕ್ಕಿಂತ ಜೋರಾಗಿ ನಡೆಯುತ್ತಾರೆ. ಕಾಡು ಹೊಕ್ಕು ದಾರಿ ಏರತೊಡಗಿದ ಮೇಲೆ ಮೊದಲು ನಿಲ್ಲುವುದು ಮಾತು. ಆಮೇಲೆ ಕಾಲು.

ಆದರೆ ಕಾಡಿನಲ್ಲಿ ನೆಪ ಸಿಗುವುದು ಕಷ್ಟ. ನಾಲ್ಕೂ ಕಡೆ ಮರ. "ಆಹಾ, ಎಂಥ ನೋಟ" ಎಂದು ನಿಲ್ಲೋಣವೆಂದರೆ ಕಾಣುವುದಾದರೂ ಏನು? ಆಗ ಕಾಪಾಡುವುದು ಹಕ್ಕಿ. ಒಂದು ಕೈ ಎತ್ತಿ "ಶ್..." ಎಂದರೆ ಸಾಕು, ಇಡೀ ಗುಂಪು ನಿಂತುಬಿಡುತ್ತದೆ. ಹಕ್ಕಿ ಕಾಣಲೇಬೇಕು ಎಂದೇನಿಲ್ಲ. ದಟ್ಟ ಎಲೆಗಳ ನಡುವೆ ಅದು ಕೇಳಿಸುವುದೇ ಜಾಸ್ತಿ, ಕಾಣುವುದು ಕಡಿಮೆ. ಹಾಗೆ ಸುಳ್ಳುಸುಳ್ಳೇ ನಿಂತಾಗ ಬೇರೆ ಏನೇನೋ ಕಣ್ಣಿಗೆ ಬೀಳುತ್ತದೆ. ಎಂದೋ ಉರುಳಿದ ಮರ ಪಾಚಿ ಹೊದ್ದು ಮಲಗಿರುತ್ತದೆ, ಅದರ ಬೆನ್ನ ಮೇಲೆ ಗೇಣುದ್ದದ ಹೊಸ ಸಸಿಗಳು. ಬಿಸಿಲು ಬಿದ್ದ ಕಡೆ ಮರದ ಅಂಟಿನ ವಾಸನೆ.

1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಬೆಟ್ಟದ ದಾರಿಗೆ ಒಂದು ಲೆಕ್ಕ ಕೊಟ್ಟ. ಗಂಟೆಗೆ ಸುಮಾರು 5 ಕಿ.ಮೀ. ನಡಿಗೆ, ಅದರ ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 10 ಕಿ.ಮೀ. ದಾರಿ, 900 ಮೀಟರ್ ಏರು ಎಂದರೆ ಮೂರೂವರೆ ಗಂಟೆ. ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಲೇಸಿಗೂ ಹಕ್ಕಿಗೂ ಜಾಗವಿಲ್ಲ ಅನ್ನುವುದೊಂದೇ ನನ್ನ ತಕರಾರು.

ಮೇಲೆ ಹೋದಂತೆ ಮರಗಳೇ ಸೋಲುತ್ತವೆ. ಗಿಡ್ಡಗಾಗುತ್ತವೆ, ಗಾಳಿಗೆ ಬಾಗುತ್ತವೆ, ಕೊನೆಗೆ ಇಲ್ಲವಾಗುತ್ತವೆ. ಎತ್ತರದ ಪರ್ವತಗಳಲ್ಲಿ ಬೇಸಿಗೆ ತೀರಾ ಚಿಕ್ಕದು, ತೀರಾ ತಣ್ಣಗಿನದು. ಮರ ಬೆಳೆಯಲು ಅಷ್ಟು ಸಾಲದು. ಹುಲ್ಲಿಗೆ ಸಾಕು. ಹಿಮ ಕರಗಿದ್ದೇ ತಡ, ಹುಲ್ಲುಗಾವಲು ಕೆಲವೇ ವಾರಗಳಲ್ಲಿ ಚಿಗುರಿ, ಹೂಬಿಟ್ಟು, ಬೀಜವನ್ನೂ ಕಟ್ಟಿ ಮುಗಿಸಬೇಕು. ಗಿಡ ನೆಲಕ್ಕೆ ಅಂಟಿಕೊಂಡಿರುತ್ತದೆ, ಹೂವು ಮಾತ್ರ ಗಿಡದ ಅಳತೆಗೆ ಮೀರಿದ್ದು. ನೋಡಬೇಕೆಂದರೆ ಮೊಣಕಾಲೂರಲೇಬೇಕು. ಇದಕ್ಕಿಂತ ಮರ್ಯಾದಸ್ಥ ನೆಪ ಬೇಕೇ? ಎಷ್ಟು ಹೊತ್ತು ಕೂತರೂ ನಮ್ಮನ್ನು ರಸಿಕರು ಅನ್ನುತ್ತಾರೆಯೇ ಹೊರತು ಸುಸ್ತಾದವರು ಅನ್ನುವುದಿಲ್ಲ.

ಆದರೆ ತುಂಬ ಹೊತ್ತು ಕೂರುವಂತಿಲ್ಲ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ತಂಪು, ಹಾಗಾಗಿ ಬಿಸಿಲು ಸುಡುತ್ತಿರುವುದೇ ಗೊತ್ತಾಗುವುದಿಲ್ಲ. ಮೂಗು ಸಿಪ್ಪೆ ಸುಲಿದ ಮೇಲೆ ಗೊತ್ತಾಗುತ್ತದೆ. ಅಷ್ಟರಲ್ಲಿ ಕಾದ ಇಳಿಜಾರಿನ ಮೇಲಿಂದ ಗಾಳಿ ಏರಿ ಏರಿ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿರುತ್ತದೆ. ಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ. ದೂರದಲ್ಲೊಂದು ಗುಡುಗು ಕೇಳಿದರೆ ಮುಗಿಯಿತು, ಆಗ ಯಾರ ಲೇಸೂ ಬಿಚ್ಚುವುದಿಲ್ಲ, ಯಾರಿಗೂ ಬಾಯಾರುವುದಿಲ್ಲ.

ಇಳಿಯುವಾಗ ಉಸಿರಿಗೆ ತೊಂದರೆಯಿಲ್ಲ. ತೊಡೆಗೆ ಇದೆ. ಹೆಜ್ಜೆ ಹೆಜ್ಜೆಗೂ ಮೈಭಾರ ತಡೆಯುತ್ತಾ ಸ್ನಾಯು ಎಳೆದಾಡುತ್ತದೆ, ಆದರೂ ಆಗ ಸುಮ್ಮನಿರುತ್ತದೆ. ನೋವು ಜೋರಾಗುವುದು ಮರುದಿನ, ಅದರ ಮರುದಿನ. ಗೋಡೆ ಹಿಡಿದು ಅಡ್ಡಡ್ಡ ಮೆಟ್ಟಿಲು ಇಳಿಯುವವರನ್ನು ಏನಾಯಿತು ಎಂದು ಕೇಳಿ ನೋಡಿ. ಬೆಟ್ಟದಲ್ಲಿ ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಸುಸ್ತನ್ನು ಈಗ ಎಲ್ಲರಿಗೂ ಕೇಳಿಸುವಂತೆ, ಒಂದಕ್ಕೆರಡು ಮಾಡಿ ಹೇಳುತ್ತಾರೆ.